ಓದುಗರ ಪ್ರಶ್ನೆ: ಕಷ್ಟದ ಹೆರಿಗೆಯ ನಂತರ

ಪ್ರಶ್ನೆ: ನನ್ನ ಮಗಳಿಗೆ ಹೆರಿಗೆಯಾಗಿ ಎರಡು ತಿಂಗಳಾಯಿತು. ಮಗು 4.1 ಕೆ.ಜಿ. ಇತ್ತು. ತಲೆ ಬಂದ ಮೇಲೆ ಭುಜ ಸಿಕ್ಕಿಕೊಂಡಿತ್ತಂತೆ. ಮಗು ಬಲಗೈ ಎತ್ತುವುದಿಲ್ಲ, ಬೆರಳು ಮಾತ್ರ ಆಡಿಸುತ್ತದೆ. ದಿನಾ ನೀರು ಎರೆಯುವ ಅಜ್ಜಿ, ಎಣ್ಣೆ ಹಚ್ಚಿ ತೀಡಿ ಎಳೆದರೆ ಸರಿಹೋಗುತ್ತದೆ ಅನ್ನುತ್ತಾರೆ. ಎಷ್ಟು ದಿನ ಕಾಯಬೇಕು?
– ಓದುಗರು, ಹೊನ್ನಾಳಿ

ಉತ್ತರ: ಕೈ ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಭುಜ ತಾಯಿಯ ಕಿಬ್ಬೊಟ್ಟೆಯ ಕೆಳಗಿನ ಮೂಳೆಗೆ ಸಿಕ್ಕಿಬಿದ್ದಾಗ ಮಗುವಿನ ಕತ್ತಿಗೂ ಭುಜಕ್ಕೂ ನಡುವಿನ ಜಾಗ ಜಗ್ಗುತ್ತದೆ. ಕತ್ತಿನಿಂದ ಕೈಗೆ ಇಳಿಯುವ ಐದು ನರಬೇರುಗಳು ಹಾದುಹೋಗುವುದು ಅಲ್ಲೇ. ಹೆಚ್ಚಾಗಿ ಪೆಟ್ಟು ತಿನ್ನುವುದು ಮೇಲಿನ ಎರಡು. ಭುಜ ಎತ್ತುವುದು, ಮೊಣಕೈ ಮಡಚುವುದು ಅವುಗಳ ಕೆಲಸ. ಹಾಗಾಗಿ ಕೈ ನೇರವಾಗಿ ಜೋತು, ಒಳಕ್ಕೆ ತಿರುಗಿಕೊಂಡಿರುತ್ತದೆ. ಇದಕ್ಕೆ ಅರ್ಬ್ಸ್ ಪಾಲ್ಸಿ ಎನ್ನುತ್ತಾರೆ. ಬೆರಳು ಆಡುತ್ತಿರುವುದು ಒಳ್ಳೆಯ ಲಕ್ಷಣ.

ನರ ಬರೀ ಜಗ್ಗಿದ್ದರೆ ಕೆಲವು ವಾರ, ತಿಂಗಳಲ್ಲಿ ತಾನಾಗಿ ಚೇತರಿಸುತ್ತದೆ. ಬಹಳಷ್ಟು ಮಕ್ಕಳಲ್ಲಿ ಆಗುವುದು ಇದೇ. ಹರಿದಿದ್ದರೆ, ಬೆನ್ನುಹುರಿಯಿಂದಲೇ ಕಿತ್ತು ಬಂದಿದ್ದರೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಹುಟ್ಟಿದ ದಿನ ಹೊರಗಿನಿಂದ ನೋಡಿ ಇದನ್ನು ಹೇಳಲಾಗದು. ಅದಕ್ಕೇ ಮೊಣಕೈಯನ್ನು ಗಮನಿಸಬೇಕು. ಮೂರು ತಿಂಗಳಾದರೂ ಮಗು ತಾನಾಗಿ ಮೊಣಕೈ ಮಡಚದಿದ್ದರೆ ನರ ಜೋಡಿಸುವ ಸರ್ಜನ್ ನೋಡಲೇಬೇಕು. ಆಪರೇಷನ್ ಬೇಕಾದರೆ ಸಾಮಾನ್ಯವಾಗಿ ಮೂರರಿಂದ ಒಂಬತ್ತು ತಿಂಗಳೊಳಗೆ ಮಾಡುತ್ತಾರೆ. ತಡವಾದಷ್ಟೂ ನರವಿಲ್ಲದ ಮಾಂಸಖಂಡ ಸೊರಗುತ್ತದೆ. "ವರ್ಷ ತುಂಬಲಿ, ನೋಡೋಣ" ಎಂಬ ಮಾತಿಗೆ ಕಿವಿಗೊಡಬೇಡಿ. ಬೆರಳೂ ಆಡದ ಮಗು, ಆ ಬದಿಯ ಕಣ್ಣುರೆಪ್ಪೆ ಜೋತ ಮಗು ಮೂರು ತಿಂಗಳೂ ಕಾಯುವಂತಿಲ್ಲ.

ನಿಮಗೆ ಉಳಿದಿರುವುದು ಒಂದೇ ತಿಂಗಳು. ಈ ವಾರವೇ ದಾವಣಗೆರೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ತೋರಿಸಿ, ಫಿಜಿಯೋಥೆರಪಿಗೆ ಚೀಟಿ ಬರೆಸಿಕೊಳ್ಳಿ. ಹೆರಿಗೆಯ ಡಿಸ್ಚಾರ್ಜ್ ಕಾರ್ಡ್ ಜೊತೆಗಿರಲಿ. ಕೊರಳೆಲುಬು (ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಮುಂದಿನ ಮೂಳೆ) ಮುರಿದಿತ್ತೇ ಎಂದು ಕೇಳಿ. ಅದು ಕೆಲವೇ ವಾರಗಳಲ್ಲಿ ಕೂಡುತ್ತದೆ, ಆದರೆ ಅಲ್ಲಿಯವರೆಗೆ ನೋವಿಗೂ ಮಗು ಕೈ ಆಡಿಸುವುದಿಲ್ಲ.

ವ್ಯಾಯಾಮವನ್ನು ಮೊದಲು ಅವರ ಕೈಯಿಂದ ನೋಡಿ ಕಲಿಯಿರಿ. ಸಾಮಾನ್ಯವಾಗಿ ಹೇಳಿಕೊಡುವುದು ಹೀಗೆ: ಮೊಣಕೈ ಮಡಚಿ ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸುವುದು, ಕೈಯನ್ನು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ಯುವುದು, ಮೊಣಕೈ ಮಡಚಿ ಬಿಡಿಸುವುದು, ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು. ಒಂದೊಂದನ್ನೂ ಹತ್ತು ಸಲ, ದಿನಕ್ಕೆ ನಾಲ್ಕೈದು ಹೊತ್ತು. ಬಟ್ಟೆ ಬದಲಿಸುವಾಗಲೇ ಮಾಡಿದರೆ ಮರೆಯುವುದಿಲ್ಲ. ಹೊರಕ್ಕೆ ತಿರುಗಿಸುವುದನ್ನು ಎಂದೂ ಬಿಡಬೇಡಿ; ಅದು ತಪ್ಪಿದರೆ ಭುಜದ ಕೀಲು ಬಿಗಿದುಕೊಂಡು, ನರ ಸರಿಯಾದ ಮೇಲೂ ಕೈ ಪೂರ್ತಿ ಏಳುವುದಿಲ್ಲ. ಅಂಗಿಯನ್ನು ಬಲಗೈಗೆ ಮೊದಲು ಹಾಕಿ, ಬಿಚ್ಚುವಾಗ ಬಲಗೈ ಕೊನೆಗೆ. ಕಂಕುಳು ಹಿಡಿದು ಎತ್ತಬೇಡಿ, ಕುಂಡೆಗೂ ಕತ್ತಿಗೂ ಕೈಕೊಟ್ಟು ಎತ್ತಿ. ಅಂಗೈಯಿಂದ ಹಗುರವಾಗಿ ಎಣ್ಣೆ ಹಚ್ಚಬಹುದು. ಅಜ್ಜಿಗೆ ಅಷ್ಟನ್ನು ಪ್ರೀತಿಯಿಂದಲೇ ಹೇಳಿ. ಕೈಗೆ ಸ್ಪರ್ಶ ಕಡಿಮೆಯಿರಬಹುದು, ಎರೆಯುವ ನೀರು ಹದವಾಗಿರಲಿ.

ಮಗಳಿಗೂ ಒಂದು ಪರೀಕ್ಷೆ ಬಾಕಿಯಿದೆ. ದೊಡ್ಡ ಮಗು ಹುಟ್ಟಲು ಬಸಿರಿನ ಸಕ್ಕರೆ ಕಾಯಿಲೆ ಒಂದು ಕಾರಣ. ಈಗಲೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರದ ಸಕ್ಕರೆ ನೋಡಿಸಿ. ಮುಂದಿನ ಬಸಿರಿನಲ್ಲಿ ಭುಜ ಸಿಕ್ಕಿದ್ದ ಸಂಗತಿಯನ್ನು ಮೊದಲ ತಪಾಸಣೆಯಲ್ಲೇ ತಿಳಿಸಬೇಕು.

ಪ್ರಶ್ನೆ: ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿ ನಾಲ್ಕು ಬಾಟಲಿ ರಕ್ತ ಕೊಟ್ಟರು. ಎದೆಹಾಲು ಬರಲೇ ಇಲ್ಲ. ಎಂಟು ತಿಂಗಳಾದರೂ ಮುಟ್ಟಾಗಿಲ್ಲ. ಸದಾ ಸುಸ್ತು, ಬೇಸಿಗೆಯಲ್ಲೂ ಚಳಿ. ಬಾಣಂತನ ಸರಿಯಾಗಿಲ್ಲ ಅನ್ನುತ್ತಾರೆ.
– ಓದುಗರು, ಚಳ್ಳಕೆರೆ

ಉತ್ತರ: ಇದು ಬಾಣಂತನದ ಲೋಪವಲ್ಲ, ನಿಮ್ಮ ತಪ್ಪಂತೂ ಅಲ್ಲವೇ ಅಲ್ಲ. ನೀವು ಬರೆದಿರುವುದೆಲ್ಲ ಶೀಹನ್ ಸಿಂಡ್ರೋಮ್‌ಗೆ ಹೊಂದುತ್ತದೆ. ಬಸಿರಿನಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ದಪ್ಪಗಾಗಿರುತ್ತದೆ. ಹೆಚ್ಚು ರಕ್ತ ಹೋಗಿ ಬಿ.ಪಿ. ಕುಸಿದರೆ ಅದಕ್ಕೆ ರಕ್ತ ಸಾಲದೆ ಒಂದಿಷ್ಟು ಭಾಗ ಸಾಯುತ್ತದೆ. ಹಾಲು, ಮುಟ್ಟು, ಥೈರಾಯ್ಡ್, ಕಾರ್ಟಿಸಾಲ್ (ದೇಹವೇ ತಯಾರಿಸುವ ಸ್ಟೀರಾಯ್ಡ್) ಎಲ್ಲಕ್ಕೂ ಅಲ್ಲಿಂದಲೇ ಸೂಚನೆ ಹೋಗಬೇಕು.

ಬರೀ ಟಿ.ಎಸ್.ಎಚ್. ಎಂಬ ಥೈರಾಯ್ಡ್ ಪರೀಕ್ಷೆ ಮಾಡಿಸಿದರೆ ನಾರ್ಮಲ್ ಬಂದು ದಾರಿ ತಪ್ಪಿಸಬಹುದು. ಅದರ ಜೊತೆ ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್), ಬೆಳಿಗ್ಗೆ ಎಂಟರ ಹೊತ್ತಿನ ಕಾರ್ಟಿಸಾಲ್, ಪ್ರೊಲ್ಯಾಕ್ಟಿನ್ (ಹಾಲಿನ ಹಾರ್ಮೋನ್), ಸೋಡಿಯಂ ನೋಡಿಸಿ. ಕಾರ್ಟಿಸಾಲ್ ಕಡಿಮೆಯಿದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್ ಮಾತ್ರೆ. ಕ್ರಮ ತಿರುಗುಮುರುಗಾದರೆ ಜೀವಕ್ಕೇ ಅಪಾಯ. ಸ್ಟೀರಾಯ್ಡ್ ಅನ್ನು ನೀವಾಗಿ ನಿಲ್ಲಿಸುವಂತಿಲ್ಲ. ಜ್ವರ ಬಂದರೆ ಡೋಸ್ ಹೆಚ್ಚಿಸಬೇಕು. ಎಷ್ಟು ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್‌ಗಾಗಿ ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಎರಡು ದಿನ ನೋವು ತಿಂದು ಹೆರಿಗೆಯಾಯಿತು. ವಾರದ ನಂತರ ಮೂತ್ರ ತಾನಾಗಿ ಸೋರಲು ಶುರುವಾಗಿದೆ. ಕಡಿಮೆ ನೀರು ಕುಡಿಯಲೇ?
– ಓದುಗರು, ಹಿರಿಯೂರು

ಉತ್ತರ: ನೀರು ಕಡಿಮೆ ಮಾಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಚರ್ಮ ಸುಡುತ್ತದೆ. ಮಗುವಿನ ತಲೆ ಬಹಳ ಹೊತ್ತು ಒತ್ತಿದ್ದರಿಂದ ಮೂತ್ರಕೋಶದ ಗೋಡೆ ಸತ್ತು ತೂತಾಗಿರಬಹುದು. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ನಾಚಿಕೊಂಡು ಮುಚ್ಚಿಡಬೇಡಿ, ನಾಳೆಯೇ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮೊದಲ ವಾರಗಳಲ್ಲೇ ಗೊತ್ತಾದರೆ ನಾಲ್ಕರಿಂದ ಆರು ವಾರ ಕ್ಯಾಥೆಟರ್ (ಮೂತ್ರ ಹೊರಹೋಗುವ ನಳಿಕೆ) ಇಟ್ಟು ಸಣ್ಣ ತೂತು ತಾನೇ ಮುಚ್ಚುವಂತೆ ಮಾಡಬಹುದು. ಮುಚ್ಚದಿದ್ದರೆ ಸಾಮಾನ್ಯವಾಗಿ ಮೂರು ತಿಂಗಳ ನಂತರ ಆಪರೇಷನ್ ಮಾಡುತ್ತಾರೆ, ಹೆಚ್ಚಿನವರಿಗೆ ವಾಸಿಯಾಗುತ್ತದೆ. ಅಲ್ಲಿಯವರೆಗೆ ಬಟ್ಟೆಯನ್ನು ಆಗಾಗ ಬದಲಿಸಿ, ತೊಳೆದು ಒರೆಸಿದ ಮೇಲೆ ವ್ಯಾಸಲೀನ್ ಹಚ್ಚಿ.