ಕಾಡುಕೋಣ ಕೋಣ ಅಲ್ಲ, ಕೊಂಡುಕುರಿ ಕುರಿ ಅಲ್ಲ

ಪ್ರಿಯರೇ, ನಮಸ್ಕಾರ.

ನಿಮ್ಮ ‘ಕಾಡಿನ ದೈತ್ಯ ಬೈಸನ್’ ಲೇಖನ ತಲುಪಿತು. ಈ ತಿಂಗಳ ಸಂಚಿಕೆಗೆ ತಗೊಳ್ಳುತ್ತಿಲ್ಲ. ಇಂಥ ಹೊತ್ತಲ್ಲಿ ಎರಡು ಸಾಲಿನ ವಿಷಾದ ಬರೆದು ಸುಮ್ಮನಾಗುವುದು ನಮ್ಮ ಪದ್ಧತಿ. ನಿಮ್ಮ ವಿಷಯದಲ್ಲಿ ಹಾಗೆ ಮಾಡಲು ಆಗಲಿಲ್ಲ. ಮೊದಲ ಪುಟ ಓದುವಾಗಲೇ ಸಿಟ್ಟು ಬಂತು. ಕೊನೇ ಪುಟದಲ್ಲಿ ಆವರಣದೊಳಗೆ ನೀವು ತುರುಕಿದ ಒಂದು ಸಾಲು ಓದಿದ ಮೇಲೆ ರಾತ್ರಿ ಹನ್ನೊಂದಾದರೂ ನಿದ್ದೆ ಬರಲಿಲ್ಲ. ಆ ಸಾಲಿಗೆ ಆಮೇಲೆ ಬರುತ್ತೇನೆ. ನಿಮ್ಮ ಹೆಸರು ತೆಗೆದು ಈ ಉತ್ತರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಯಾಕಂದ್ರೆ ಇದೇ ತಪ್ಪು ಮಾಡಿದ ಲೇಖನಗಳು ತಿಂಗಳಿಗೆ ನಾಲ್ಕಾದರೂ ನನ್ನ ಮೇಜಿಗೆ ಬರುತ್ತವೆ.

ಕಾಗುಣಿತ ಶುದ್ಧವಾಗಿದೆ. ಅಲ್ಪಪ್ರಾಣ ಮಹಾಪ್ರಾಣ ಎಲ್ಲೂ ಅದಲುಬದಲಾಗಿಲ್ಲ. ಹೇಳಿದಷ್ಟೇ ಉದ್ದ ಬರೆದಿದ್ದೀರಿ. ಸಂತೋಷ.

ಈಗ ನಿಮ್ಮ ಮೊದಲ ವಾಕ್ಯ: ‘ಬೈಸನ್ ಎಂದು ಕರೆಯಲ್ಪಡುವ ಕಾಡೆಮ್ಮೆಯು ನಮ್ಮ ಮನೆಯ ಎಮ್ಮೆಯ ಕಾಡಿನ ಅಣ್ಣನಾಗಿದೆ.’

ಒಂದೇ ವಾಕ್ಯದಲ್ಲಿ ಮೂರು ಬೇರೆ ಬೇರೆ ಪ್ರಾಣಿಗಳನ್ನು ಒಂದೇ ಗೂಟಕ್ಕೆ ಕಟ್ಟಿದ್ದೀರಿ. ಬೈಸನ್ ಅಂದ್ರೆ ಎರಡೇ. ಒಂದು ಉತ್ತರ ಅಮೆರಿಕದ್ದು, ಇನ್ನೊಂದು ಯುರೋಪಿನದ್ದು. ನಮ್ಮ ಬಂಡೀಪುರ, ನಾಗರಹೊಳೆ, ಭದ್ರಾ ಕಾಡುಗಳಲ್ಲಿ ಇರುವುದು ಬೈಸನ್ ಅಲ್ಲ, ಕಾಡುಕೋಣ. ಬ್ರಿಟಿಷರ ಕಾಲದ ಬೇಟೆಗಾರರು ಅದರ ಎತ್ತರದ ಭುಜ ನೋಡಿ ‘ಇಂಡಿಯನ್ ಬೈಸನ್’ ಅಂದರು, ನಾವು ಇವತ್ತಿಗೂ ಅದನ್ನೇ ಹೇಳುತ್ತಿದ್ದೇವೆ. ಕಾಡೆಮ್ಮೆ ಅಂತ ನಿಜವಾಗಿ ಕರೆಯಬೇಕಾದ ಪ್ರಾಣಿ, ಅಂದ್ರೆ ನಮ್ಮ ಕೊಟ್ಟಿಗೆ ಎಮ್ಮೆಯ ಕಾಡಿನ ಮೂಲ, ಅಸ್ಸಾಂನ ಕಾಜಿರಂಗದ ಕಡೆ ಇದೆ. ಛತ್ತೀಸ್‌ಗಢದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಕರ್ನಾಟಕದಲ್ಲಿ ಇಲ್ಲ.

ಹಾಗಾದ್ರೆ ನಮ್ಮ ಕಾಡುಕೋಣ ಯಾರ ಕಡೆಯವನು? ಹಸುವಿನ ಕಡೆಯವನು. ವಿಜ್ಞಾನದ ಹೆಸರು ಬೋಸ್ ಗಾರಸ್. ಆ ‘ಬೋಸ್’ ನಿಮ್ಮ ಮನೆ ಹಸುವಿನ ಕುಲದ ಹೆಸರೂ ಹೌದು. ಹಸುವಿನ ಕ್ರೋಮೋಸೋಮು 60, ನಮ್ಮ ಕಾಡುಕೋಣದ್ದು 58, ಮನೆ ಎಮ್ಮೆಯದ್ದು 50. ಅರುಣಾಚಲ, ನಾಗಾಲ್ಯಾಂಡಿನ ಕಡೆ ಜನ ಸಾಕುವ ಮಿಥುನ್ ಇದೆಯಲ್ಲ, ಅದು ಇದೇ ಕಾಡುಕೋಣದ ಪಳಗಿದ ರೂಪ. 2001ರ ಜನವರಿಯಲ್ಲಿ ಅಮೆರಿಕದಲ್ಲಿ ಒಂದು ಮಾಮೂಲಿ ಹಸುವಿನ ಹೊಟ್ಟೆಯಲ್ಲಿ ತದ್ರೂಪಿ (ಕ್ಲೋನ್) ಕಾಡುಕೋಣದ ಕರು ಹುಟ್ಟಿತು. ಭೇದಿಯಾಗಿ ಎರಡೇ ದಿನಕ್ಕೆ ಸತ್ತಿತು ಅನ್ನೋದು ಬೇರೆ ಮಾತು. ಆದರೆ ಹಸು ಅದನ್ನು ಒಂಬತ್ತು ತಿಂಗಳು ಹೊತ್ತಿತ್ತು. ಬೈಸನ್ ಕೂಡ ಎಮ್ಮೆಗಿಂತ ಹಸುವಿಗೇ ಹತ್ತಿರ, ಹಿಮಾಲಯದ ಯಾಕ್ ಅಂತೂ ಬೈಸನ್ನಿಗೆ ಇನ್ನೂ ಹತ್ತಿರದ ನೆಂಟ. ಎಮ್ಮೆಯದು ಬೇರೆ ಕವಲು, ಬಹಳ ಹಿಂದೆಯೇ ಪಾಲಾಗಿ ಹೋದ ಮನೆ.

ಹಾಗಂತ ‘ಕಾಡುಕೋಣ’ ಅನ್ನುವ ಹೆಸರು ಬಿಡಿ ಅಂತ ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಅದು ಬೇರೂರಿದೆ. ಮಲೆನಾಡು, ಕೊಡಗಿನ ಕಡೆ ‘ಕಾಟಿ’ ಅಂತಾರೆ, ನನಗೆ ಅದೇ ಇಷ್ಟ. ಹೆಸರು ಯಾವುದಾದರೂ ಬಳಸಿ. ಆದರೆ ಹೆಸರಿನ ಬಾಲ ಹಿಡಿದು ಪ್ರಾಣಿಯ ವಂಶಾವಳಿ ಬರೆಯಬೇಡಿ. ನೀವು ‘ಎಮ್ಮೆ’ ಅನ್ನುವ ಶಬ್ದ ನೋಡಿದಿರಿ, ಅಲ್ಲಿಂದ ಮುಂದೆ ‘ಕೆಸರಿನ ಹೊಂಡದಲ್ಲಿ ಹೊರಳಾಡುತ್ತಾ ಬಿಸಿಲು ಕಳೆಯುತ್ತವೆ’ ಅಂತ ಒಂದು ಪ್ಯಾರಾ ಕಟ್ಟಿಬಿಟ್ಟಿರಿ. ಎಮ್ಮೆ ಕೆಸರಿಗೆ ಬೀಳುತ್ತದೆ, ನಿಜ. ಕಾಟಿಗೆ ಆ ಚಟ ಇಲ್ಲ. ನೀರಿಗೆ ಬರುತ್ತದೆ, ಉಪ್ಪು ಮಣ್ಣು ನೆಕ್ಕುತ್ತದೆ, ನೆರಳು ಹುಡುಕಿ ಮಲಗುತ್ತದೆ. (ನಮ್ಮ ಹಳೇ ನ್ಯಾಯದರ್ಶನದ ತರ್ಕಪಂಡಿತರು ಹೋಲಿಕೆಯಿಂದ ತಿಳಿಯೋದು ಹೇಗೆ ಅಂತ ವಿವರಿಸುವಾಗ ಕೊಡುವ ಉದಾಹರಣೆ ಏನು ಗೊತ್ತಾ? ‘ಹಸುವಿನಂತೆ ಇರುವುದು ಗವಯ.’ ಆ ಗವಯ ಕಾಟಿಯೋ ನೀಲಗಾಯಿಯೋ ಅಂತ ವಾದ ಇದೆ. ಅದೇನೇ ಇರಲಿ, ಅವರು ‘ಎಮ್ಮೆಯಂತೆ’ ಅನ್ನಲಿಲ್ಲ.)

ಎರಡನೇ ಪುಟ: ‘ಒಂದು ಕಾಲದಲ್ಲಿ ಕೋಟ್ಯಂತರ ಬೈಸನ್‌ಗಳಿದ್ದವು. ಇಂದು ಬಂಡೀಪುರದಂತಹ ಕೆಲವೇ ಸ್ಥಳಗಳಲ್ಲಿ ಉಳಿದುಕೊಂಡಿವೆ.’ ಇದನ್ನು ಓದಿ ಪೆನ್ನು ಕೆಳಗಿಟ್ಟು ಎದ್ದುಹೋದೆ. ಕೋಟಿಯ ಲೆಕ್ಕ ಅಮೆರಿಕದ್ದು. ಅಲ್ಲಿನ ಬಯಲಿನಲ್ಲಿ ಮೂರರಿಂದ ಆರು ಕೋಟಿ ಇದ್ದವು ಅಂತ ಅಂದಾಜು. ರೈಲು ಬಂತು, ಬಂದೂಕು ಬಂತು, ಚರ್ಮಕ್ಕೆ ಬೆಲೆ ಬಂತು. ಆ ಚರ್ಮ ಕಾರ್ಖಾನೆ ಯಂತ್ರಗಳ ಬೆಲ್ಟಿಗೆ ಹೋಗುತ್ತಿತ್ತು. ಒಂದು ಕಾಲಕ್ಕೆ ಕಾಟನ್ ಮಿಲ್ಲುಗಳ ಊರಾಗಿದ್ದ ದಾವಣಗೆರೆಯಲ್ಲಿ ಕೂತು ನಾನು ಬೆಲ್ಟು ಅಂದ್ರೇನು ಅಂತ ವಿವರಿಸಬೇಕಾಗಿಲ್ಲ. 1880ರ ದಶಕ ಮುಗಿಯುವಾಗ ಉಳಿದದ್ದು ಒಂದು ಸಾವಿರದ ಆಸುಪಾಸು. ಯುರೋಪಿನ ಬೈಸನ್ ಕಥೆ ಇನ್ನೂ ಕಷ್ಟದ್ದು. 1927ರಲ್ಲಿ ಕಾಕಸಸ್ ಬೆಟ್ಟದಲ್ಲಿ ಕಾಡಿನ ಕೊನೇ ಬೈಸನ್ ಹೋಯಿತು. ಮೃಗಾಲಯಗಳಲ್ಲಿ ಐವತ್ತು ಚಿಲ್ಲರೆ ಉಳಿದಿದ್ದವು. ಈಗಿರುವವೆಲ್ಲ ಅವುಗಳಲ್ಲಿ ಬರೀ 12ರ ಸಂತಾನ.

ನಮ್ಮ ಕಾಟಿಯ ಕಷ್ಟ ಬೇರೆ. 1968ರಲ್ಲಿ ಬಂಡೀಪುರ, ಮುದುಮಲೆ ಕಡೆ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ಅವು ರಾಶಿ ರಾಶಿ ಸತ್ತವು. ದೊಡ್ಡರೋಗ ನಮ್ಮ ಹಟ್ಟಿಯ ರೋಗ, ಮೇಯಲು ಬಿಟ್ಟ ದನದಿಂದ ಕಾಡಿಗೆ ಹೋಗುವಂಥದ್ದು. ಅದು ಭೂಮಿಯ ಮೇಲಿಂದಲೇ ತೊಲಗಿತು ಅಂತ 2011ರಲ್ಲಿ ಘೋಷಣೆ ಆಯಿತು. ಸಿಡುಬು ಬಿಟ್ಟರೆ ಮನುಷ್ಯ ಪೂರ್ತಿ ಅಳಿಸಿದ ರೋಗ ಅದೊಂದೇ. ನಿಮ್ಮ ತಾತನ ವಯಸ್ಸಿನ ಯಾರನ್ನಾದರೂ ‘ದೊಡ್ಡರೋಗ’ ಅಂತ ಕೇಳಿ ನೋಡಿ, ಮುಖ ಬಾಡುತ್ತದೆ. ಬಂದೂಕಿನ ಕಥೆಯನ್ನು ಅಲ್ಲಿಂದ ತಂದು ರೋಗದ ಕಥೆಗೆ ಹೊಲಿದರೆ ಎರಡೂ ಸುಳ್ಳಾಗುತ್ತವೆ.

ಮೂರನೇ ಪುಟದ ಈ ಸಾಲು ನನಗೆ ವೈಯಕ್ತಿಕವಾಗಿ ನೋವು ಕೊಟ್ಟಿತು: ‘ಇದರ ಬೆನ್ನಿನ ಮೇಲೆ ಕೊಬ್ಬಿನಿಂದ ಕೂಡಿದ ಉಬ್ಬನ್ನು ಹೊಂದಿದೆ.’

‘ಹೊಂದಿದೆ’ಯನ್ನು ಎಣಿಸಿದೆ. ಹದಿನಾಲ್ಕು ಸಲ ಇದೆ. ‘ಬಲಿಷ್ಠ ಕಾಲುಗಳನ್ನು ಹೊಂದಿದೆ’, ‘ಎರಡು ಕೊಂಬುಗಳನ್ನು ಹೊಂದಿದೆ’. ಹಸುವಿಗೆ ಕೊಂಬು ಇರುತ್ತದೆ ಕಣ್ರೀ. ಸೈಟು ಕೊಂಡವರ ಹಾಗೆ ಹಸು ಕೊಂಬನ್ನು ಹೊಂದುವುದಿಲ್ಲ. ಅದು ಹೋಗಲಿ, ‘ಉಬ್ಬು’ ಅಂದಿರಲ್ಲ, ಅಲ್ಲಿ ನಲವತ್ತು ವರ್ಷ ಹಿಂದಿನ ಒಂದು ಏಟು ನೆನಪಾಯಿತು.

ನಾನು ಆಗ ಒಂದು ಸಣ್ಣ ಪತ್ರಿಕೆಯಲ್ಲಿ ಕರಡು ತಿದ್ದುವ ಹುಡುಗ. ಅಚ್ಚುಮೊಳೆ ಜೋಡಿಸುವ ಕಾಲ. ಕೈಯೆಲ್ಲ ಮಸಿ, ಸಂಜೆಗೆ ಒಂದು ಪೊಟ್ಟಣ ಮಂಡಕ್ಕಿ. ಒಂದು ಸಲ ಧೈರ್ಯ ಮಾಡಿ ಅಮೃತಮಹಲ್ ದನದ ಬಗ್ಗೆ ಲೇಖನ ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. ಅದರಲ್ಲಿ ‘ಬೆನ್ನಿನ ಮೇಲಿನ ಸುಂದರವಾದ ಉಬ್ಬು’ ಅಂತ ಇತ್ತು. ಅವರು ಕನ್ನಡಕದ ಮೇಲಿಂದ ನೋಡಿ, ‘ನಿಮ್ಮಪ್ಪ ಏನು ಮಾಡ್ತಾರೆ?’ ಅಂದರು. ‘ಬೇಸಾಯ ಸಾರ್.’ ‘ಅವರು ಇದನ್ನ ಉಬ್ಬು ಅಂತಾರಾ?’ ನನಗೆ ಬಾಯಿ ಕಟ್ಟಿತು. ಬಸ್ ಚಾರ್ಜು ಕೈಗೆ ಕೊಟ್ಟು ಚಳ್ಳಕೆರೆ ಕಡೆ ಅಟ್ಟಿದರು, ದೇವರ ಎತ್ತುಗಳ ರೊಪ್ಪ ನೋಡಿಕೊಂಡು ಬಾ ಅಂತ. ಅಲ್ಲಿ ಆ ಎತ್ತು ಕಾಯುವ ಒಬ್ಬ ವಯಸ್ಸಾದ ಕಿಲಾರಿಗೆ ನನ್ನ ಲೇಖನ ಓದಿ ಹೇಳಿದೆ. ಉಬ್ಬು ಅನ್ನುವ ಮಾತು ಬಂದ ತಕ್ಷಣ ಅವರು ಗಾಬರಿಯಾಗಿ, ‘ಯಾವ ಎತ್ತಿಗೆ ಸ್ವಾಮಿ? ಏಟು ಬಿದ್ದಿತ್ತಾ?’ ಅಂದರು. ನಾನು ಬೆರಳು ತೋರಿಸಿದೆ. ‘ಓ, ಹಿಣ್ಲಾ!’ ಅಂತ ನಕ್ಕರು ನೋಡಿ, ಆ ನಗು ಇನ್ನೂ ಕಿವಿಯಲ್ಲಿದೆ. ಹಿಣಿಲು. ನಮ್ಮಪ್ಪನೂ ಅದನ್ನೇ ಅನ್ನುತ್ತಿದ್ದದ್ದು. ನನಗೂ ಗೊತ್ತಿತ್ತು. ಬರೆಯಲು ಕೂತಾಗ ಮಾತ್ರ ನಾಚಿಕೆಯಾಗಿ ಬಿಟ್ಟಿದ್ದೆ. ಅವತ್ತು ಗಂಗೆದೊಗಲು ಅನ್ನುವ ಮಾತೂ ಸಿಕ್ಕಿತು. ಕತ್ತಿನ ಕೆಳಗೆ ಜೋಲುವ ಚರ್ಮ. ಅಲ್ಲಿಯವರೆಗೆ ಅದನ್ನು ಏನಂತ ಬರೆದಿದ್ದೆ ಅಂತ ಈಗ ಹೇಳಲಾರೆ.

ಇರಲಿ, ನಿಮ್ಮ ಸಾಲಿಗೆ ಬರೋಣ. ಮನೆ ಎತ್ತಿನ ಹಿಣಿಲಿನಲ್ಲಿ ಇರುವುದು ಸ್ನಾಯು ಮತ್ತು ಕೊಬ್ಬು. ಮುಟ್ಟಿದರೆ ಆ ಕಡೆ ಈ ಕಡೆ ವಾಲುತ್ತದೆ. ಕಾಟಿಯ ಬೆನ್ನಿನ ದಿಂಡು ಅಂಥದ್ದಲ್ಲ. ಭುಜದ ಹತ್ತಿರದ ಬೆನ್ನೆಲುಬಿನ ಮಣಿಗಳಿಂದ ಉದ್ದುದ್ದ ಮೂಳೆಗಳು ಮೇಲಕ್ಕೆ ಚಾಚಿವೆ, ಅವುಗಳ ಮೇಲೆ ಮಾಂಸ ಕಟ್ಟಿ ನಡುಬೆನ್ನಿನ ತನಕ ದಿಣ್ಣೆಯ ಹಾಗೆ ಬಂದು ಅಲ್ಲಿ ಥಟ್ಟನೆ ಇಳಿಯುತ್ತದೆ. ಅಮೆರಿಕದ ಬೈಸನ್ನಿನ ಭುಜವೂ ಮೂಳೆಯ ಮೇಲೇ ಕಟ್ಟಿದ್ದು. ಆ ಬಲದಿಂದ ಅದು ತಲೆಯನ್ನೇ ಸಲಿಕೆ ಮಾಡಿ ಹಿಮ ಸರಿಸಿ ಹುಲ್ಲು ಹುಡುಕುತ್ತದೆ. ನೀವು ‘ಕೊಬ್ಬಿನಿಂದ ಕೂಡಿದ’ ಅಂತ ಬರೆಯುವಾಗ ಒಂದು ಫೋಟೋವನ್ನಾದರೂ ಎರಡು ನಿಮಿಷ ನೋಡಿದ್ದರೆ ಆ ಥಟ್ಟನೆ ಇಳಿಯುವ ಜಾಗ ಕಣ್ಣಿಗೆ ಬೀಳುತ್ತಿತ್ತು.

ಆ ದಿಂಡು ಯಾಕೆ ಬೇಕು ಅನ್ನೋದೇ ಒಂದು ಲೇಖನಕ್ಕಾಗುವಷ್ಟು ಇದೆ. ಎರಡು ಗಂಡು ಕಾಟಿ ಎದುರಾದರೆ ಸಾಮಾನ್ಯವಾಗಿ ತಕ್ಷಣ ಗುದ್ದಾಡುವುದಿಲ್ಲ. ಪಕ್ಕೆ ತಿರುಗಿಸಿ ನಿಲ್ಲುತ್ತವೆ, ನಿಧಾನಕ್ಕೆ ಹೆಜ್ಜೆ ಹಾಕುತ್ತವೆ. ‘ನೋಡು, ನಾನೆಷ್ಟು ಎತ್ತರ’ ಅಂತ. ಆ ದಿಂಡಿನಿಂದ ಪಕ್ಕದ ನೋಟ ಇನ್ನೂ ದೊಡ್ಡದಾಗಿ ಕಾಣುತ್ತದೆ. ಸಣ್ಣವನು ಅಳತೆ ನೋಡಿಕೊಂಡು ಜಾಗ ಬಿಡುತ್ತಾನೆ. ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತದೆ. ನೀವು ಬರೆದದ್ದು? ‘ಯಮನ ವಾಹನದಂತೆ ಸದಾ ರೋಷದಿಂದ ಕೆಂಡ ಕಾರುವ ಕಣ್ಣುಗಳು.’ ಯಮನ ವಾಹನ ಕೋಣ, ಮತ್ತೆ ಅದೇ ಹೆಸರಿನ ಗುಂಡಿಗೆ ಬಿದ್ದಿರಿ! ಸದಾ ರೋಷ ಅನ್ನೋದೂ ಸುಳ್ಳು. ಭದ್ರಾ ಕಾಡಿನಂಚಿನಲ್ಲಿ ಒಂದು ಸಂಜೆ ನಾನು ಹಿಂಡು ನೋಡಿದ್ದೇನೆ. ಮುಂದೆ ಒಂದು ಮುದಿ ಹೆಣ್ಣು, ಹಿಂದೆ ಬಿಸ್ಕತ್ತಿನ ಬಣ್ಣದ ಎರಡು ಕರು. ಮೊಣಕಾಲಿನಿಂದ ಕೆಳಗೆ ಎಲ್ಲಕ್ಕೂ ಬಿಳಿ ಕಾಲುಚೀಲ. ನಮ್ಮ ವಾಸನೆ ಹತ್ತಿತೋ ಏನೋ, ಮುದುಕಿ ಮೂಗಿನಿಂದ ಬುಸ್ಸೆಂದು ಸಿಳ್ಳೆಯಂಥ ಸದ್ದು ಮಾಡಿತು. ಅಷ್ಟೇ, ಅಷ್ಟು ದೊಡ್ಡ ದೊಡ್ಡ ಮೈಗಳು ಬಿದಿರಿನೊಳಗೆ ಹೊಕ್ಕು ಕಾಣದಾದವು. ಒಂಟಿ ಗಂಡು ಹಾಯ್ದು ಜನ ಸತ್ತದ್ದೂ ಉಂಟು, ಇಲ್ಲ ಅನ್ನಲ್ಲ. ಆದರೆ ಅದರ ಮಾಮೂಲಿ ಬುದ್ಧಿ ತಪ್ಪಿಸಿಕೊಳ್ಳೋದು.

ಆಹಾರ, ಸಂರಕ್ಷಣೆ ಅಂತ ನೀವು ಬರೆದ ಪುಟಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಎಲ್ಲರೂ ಬರೆಯುವ ಹಾಗೇ ಇವೆ.

ಇನ್ನು ಆ ಆವರಣದ ಸಾಲು. ನೀವು ಬರೆದದ್ದು ಹೀಗೆ: ‘(ನಮ್ಮ ಜಗಳೂರು ಸೀಮೆಯಲ್ಲಿ ಇಂಥ ಪ್ರಾಣಿಗಳಿಲ್ಲ. ಚಿಕ್ಕವನಿದ್ದಾಗ ತಾತ ಗುಡ್ಡದ ಹಳ್ಳದ ಹತ್ತಿರ ಕೊಂಡುಕುರಿ ಹಿಕ್ಕೆ ಒಂದೇ ಜಾಗದಲ್ಲಿ ರಾಶಿ ಬಿದ್ದಿದ್ದನ್ನು ತೋರಿಸಿ, ಇದು ಅವರ ಮನೆ ಬಾಗಿಲು ಅಂದಿದ್ದರು. ಆದರೆ ಅದು ಈ ವಿಷಯಕ್ಕೆ ಸಂಬಂಧಿಸಿದ್ದಲ್ಲ.)’

ಸಂಬಂಧಿಸಿದ್ದಲ್ಲವಾ? ಅದೇ ವಿಷಯ! ಕೊಂಡುಕುರಿ ಹೆಸರಿಗೆ ಮಾತ್ರ ಕುರಿ, ನೋಡಲು ಜಿಂಕೆಯಂಥ ಪುಟ್ಟ ಪ್ರಾಣಿ. ಕುರಿ, ಮೇಕೆ, ಕೃಷ್ಣಮೃಗ ಎಲ್ಲ ಬೇರೆ ಮನೆತನ. ಹಸು, ಎಮ್ಮೆ, ಕಾಟಿ, ಬೈಸನ್, ಯಾಕ್, ನೀಲಗಾಯಿ ಇರುವ ಉಪಕುಟುಂಬಕ್ಕೇ ನಿಮ್ಮ ಕೊಂಡುಕುರಿಯೂ ಸೇರಿದ್ದು. ನೀಲಗಾಯಿ ಅದರ ಹತ್ತಿರದ ನೆಂಟ. ಸುಮಾರು 20 ಕಿಲೋ ತೂಕ, ಎರಡಡಿ ಎತ್ತರ. ಅತ್ತ ಕಾಟಿ ಗಂಡು ಟನ್ನು ತೂಗುತ್ತದೆ. ಒಂದೇ ವಂಶದಲ್ಲಿ ಇಷ್ಟು ಅಂತರ! ಗಂಡಿಗೆ ನಾಲ್ಕು ಕೊಂಬು. ಮುಂದಿನ ಜೋಡಿ ಪುಟ್ಟದು, ಕೆಲವಕ್ಕೆ ಬರೀ ಗುಬಟು. ಹೆಣ್ಣಿಗೆ ಕೊಂಬೇ ಇಲ್ಲ. ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿ ಅಥವಾ ಜೋಡಿಯಾಗಿ ಪೊದೆಯಲ್ಲಿ ಅಡಗಿರುತ್ತದೆ. ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದು ಅದರ ರೂಢಿ. ನಿಮ್ಮ ತಾತ ಹೇಳಿದ್ದು ಸರಿ. ಇದಕ್ಕಾಗಿಯೇ 2011ರಲ್ಲಿ ನಿಮ್ಮದೇ ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು ವನ್ಯಜೀವಿಧಾಮ ಮಾಡಿದ್ದಾರೆ. ನೀವು ಅದರ ಮಗ್ಗುಲಲ್ಲೇ ಕೂತು ಬಂಡೀಪುರದ ಬಗ್ಗೆ ಇಂಟರ್ನೆಟ್ ನೋಡಿ ಬರೆದಿದ್ದೀರಿ.

ಈ ಲೇಖನ ತಿದ್ದಿ ಕಳಿಸಬೇಡಿ, ಬೇರೆಯದೇ ಬರೆಯಿರಿ. ನಾಲ್ಕು ಪುಟ ಸಾಕು. ತಾತ ಇದ್ದರೆ ಅವರ ಹತ್ತಿರ ಕೂತು ಕೇಳಿ, ಇಲ್ಲದಿದ್ದರೆ ಅವರ ಜೊತೆ ಕುರಿ ಕಾಯ್ದವರು ಯಾರಾದರೂ ಸಿಗುತ್ತಾರೆ. ಆ ಪುಟ್ಟ ಮುಂಗೊಂಬಿಗೆ ಅವರು ಬೇರೆ ಹೆಸರು ಇಟ್ಟಿದ್ದಾರಾ? ಹಿಕ್ಕೆಯ ರಾಶಿ ಎಷ್ಟು ಅಗಲ ಇತ್ತು, ಮೊರದಷ್ಟಾ, ಕಣದಷ್ಟಾ? ಹಳ್ಳ ಬತ್ತಿದ ಮೇಲೂ ಅವು ಅಲ್ಲಿಗೇ ಬರುತ್ತಿದ್ದವಾ? ಅವರು ಹೇಳಿದ ಮಾತಿನಲ್ಲೇ ಬರೆದು ಕಳಿಸಿ. ಫೋಟೋ ಬೇಡ.