ಗುಡ್ಡದ ಮೇಲಿನ ತರಗತಿ

ಪ್ರಶ್ನೆ (ಸೆಪ್ಟೆಂಬರ್ 2020): ಹೊಸನಗರ ತಾಲ್ಲೂಕಿನ ಹಳ್ಳಿಯವಳು, ಬಿ.ಎಸ್ಸಿ. ಅಂತಿಮ ಸೆಮಿಸ್ಟರ್. ಕೊರೊನಾದಿಂದ ಮಾರ್ಚ್‌ನಲ್ಲಿ ಹಾಸ್ಟೆಲ್ ಮುಚ್ಚಿದಾಗಿನಿಂದ ಊರಿನಲ್ಲಿದ್ದೇನೆ, ತರಗತಿಗಳೆಲ್ಲ ಆನ್‌ಲೈನ್. ಮನೆಗೆ ಒಂದೇ ಸ್ಮಾರ್ಟ್‌ಫೋನ್. ತಮ್ಮನ ಪಾಠವೂ ಅದರಲ್ಲೇ. ಸಿಗ್ನಲ್‌ಗಾಗಿ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತುತ್ತೇನೆ. ಅರ್ಧ ತರಗತಿಗಳು ತಪ್ಪಿದವು. ಇದುವರೆಗೆ ಪ್ರಥಮ ದರ್ಜೆಯಲ್ಲಿದ್ದವಳು ಈಗ ದಡ್ಡಿಯಾಗಿಬಿಟ್ಟೆ ಅನಿಸುತ್ತದೆ. ನಿದ್ದೆ ಬರುತ್ತಿಲ್ಲ. ಈ ತಿಂಗಳು ಪರೀಕ್ಷೆ. ವರ್ಷ ಬಿಟ್ಟುಬಿಡಲೇ? ಅಡಿಕೆ ತೋಟದ ಚಿಂತೆಯಲ್ಲಿರುವ ಅಪ್ಪನಿಗೆ ಹೇಗೆ ಹೇಳಲಿ?

ಉತ್ತರ: ಐದು ಸೆಮಿಸ್ಟರ್‌ಗಳನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದವರು ಆರನೆಯದರಲ್ಲಿ ಏಕಾಏಕಿ ದಡ್ಡರಾಗುವುದಿಲ್ಲ. ಪಾಠ ನಿಮ್ಮನ್ನು ತಲುಪಲಿಲ್ಲ. ತಲುಪದ ಪಾಠ ಅರ್ಥವಾಗದೇ ಹೋದದ್ದನ್ನು ನೀವು ನಿಮ್ಮ ಬುದ್ಧಿಯ ಲೆಕ್ಕಕ್ಕೆ ಬರೆದುಕೊಂಡಿದ್ದೀರಿ. ನಿದ್ದೆಗೆಡಿಸುತ್ತಿರುವುದು ಪರೀಕ್ಷೆಗಿಂತ ಹೆಚ್ಚಾಗಿ ಈ ತಪ್ಪು ಲೆಕ್ಕವೇ ಎಂದು ನನಗನಿಸುತ್ತದೆ.

ವರ್ಷ ಬಿಡುವ ನಿರ್ಧಾರವನ್ನು ಈಗ ಮಾಡಬೇಡಿ. 2020ರ ಜುಲೈ 6ರ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾರ್ಗಸೂಚಿಯು, ಸೆಪ್ಟೆಂಬರ್ ಅಂತ್ಯದೊಳಗಿನ ಅಂತಿಮ ಪರೀಕ್ಷೆಗೆ ಯಾವುದೇ ಕಾರಣದಿಂದ ಹಾಜರಾಗಲಾಗದ ವಿದ್ಯಾರ್ಥಿಗಳಿಗೆ ಮುಂದೆ ವಿಶೇಷ ಪರೀಕ್ಷೆಯ ಅವಕಾಶ ನೀಡಬಹುದೆಂದು ಹೇಳುತ್ತದೆ. ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಕೂಡ ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ಹೇಗೆ ನಡೆಸುತ್ತದೆಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ಜೊತೆಗೆ, ನಿಮ್ಮ ಸ್ಥಿತಿಯನ್ನೂ ತಪ್ಪಿದ ಅಧ್ಯಾಯಗಳನ್ನೂ ಬರೆದು ತಿಳಿಸಿ, ಅವುಗಳ ಟಿಪ್ಪಣಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತೆ ಕೋರಿ. ಗುಡ್ಡದ ಮೇಲೆ ಒಮ್ಮೆ ಇಳಿಸಿಕೊಂಡರೆ ಮನೆಯಲ್ಲಿ ಕುಳಿತು ಓದಬಹುದು. ಕ್ಯಾಮೆರಾ ಆರಿಸಿದ ವಿದ್ಯಾರ್ಥಿನಿಯ ಕಷ್ಟ ಅಧ್ಯಾಪಕರಿಗೆ ಕಾಣುವುದಿಲ್ಲ, ಹೇಳಿದರೆ ಮಾತ್ರ ತಿಳಿಯುತ್ತದೆ.

ನಿದ್ದೆಯಿಲ್ಲದಿರುವುದನ್ನು ಕಡೆಗಣಿಸಬೇಡಿ. ನಿಮ್ಹಾನ್ಸ್‌ನ ಸಹಾಯವಾಣಿಗೆ (ಈಗಿನ ಓದುಗರಿಗೆ: ಟೆಲಿ-ಮಾನಸ್, 14416) ಇಂಟರ್‌ನೆಟ್ ಬೇಕಿಲ್ಲ, ಸ್ಥಿರ ದೂರವಾಣಿಯಿಂದಲೂ ಕರೆ ಮಾಡಬಹುದು. ಬದುಕೇ ಬೇಡವೆನ್ನುವ ಯೋಚನೆ ಸುಳಿದರಂತೂ ಅದೇ ಗಳಿಗೆ ಮನೆಯವರನ್ನು ಎಬ್ಬಿಸಿ.

ಇನ್ನು ಅಪ್ಪ. ಕೊಳೆರೋಗದ ಚಿಂತೆಯಲ್ಲಿ ತೋಟ ಸುತ್ತುವ ಈ ದಿನಗಳಲ್ಲಿ ಅವರಿಗೆ ಇನ್ನೊಂದು ಭಾರವೇಕೆಂದು ನೀವು ಸುಮ್ಮನಿರಬಹುದು. ಆದರೆ ಮಗಳು ಫೋನ್ ಹಿಡಿದು ಹೊರಟದ್ದನ್ನಷ್ಟೇ ಅವರು ನೋಡಿದ್ದಾರೆ, ಆ ತರಗತಿ ಹೇಗಿರುತ್ತದೆಂದು ನೋಡಿಲ್ಲ. ಒಂದು ದಿನ ಪಾಠದ ಹೊತ್ತಿಗೆ ಅವರನ್ನೂ ಗುಡ್ಡಕ್ಕೆ ಕರೆದೊಯ್ಯಿರಿ. ಇಳಿದು ಬರುವ ದಾರಿಯಲ್ಲಿ ಉಳಿದದ್ದನ್ನು ಹೇಳಿ.