ಗುಜರಿ ಎಕ್ಸೆಲ್ ತರುವ ಮೊದಲು ಸುತ್ತು ಎಣಿಸಿ

ಪ್ರಶ್ನೆ: ನಮ್ಮದು ಹಳೇ ಫೋರ್-ವ್ಹೀಲ್-ಡ್ರೈವ್ ಪಿಕಪ್. ಗಂಗಾವತಿ ಕಡೆ ಗದ್ದೆಗೆ ಗೊಬ್ಬರ ಒಯ್ಯುತ್ತೇವೆ, ಭತ್ತದ ಚೀಲ ತರುತ್ತೇವೆ. ಹಿಂದಿನ ಎಕ್ಸೆಲ್‌ನ ಕ್ರೌನ್ (ದೊಡ್ಡ ಹಲ್ಲುಗಾಲಿ) ಕೂಗುತ್ತಿದೆ. ಬಳ್ಳಾರಿಯ ಗುಜರಿಯಲ್ಲಿ ಅದೇ ಕಂಪನಿಯ ಟೂ-ವ್ಹೀಲ್-ಡ್ರೈವ್ ಪಿಕಪ್‌ನ ಇಡೀ ಹಿಂದಿನ ಎಕ್ಸೆಲ್ ಸಿಕ್ಕಿದೆ. "ಗಾಲಿ ಬೋಲ್ಟ್ ಕೂಡ್ತಾವ್ರೀ, ಹಾಕಿಬಿಡೋಣ" ಅಂತಾರೆ ಮೇಸ್ತ್ರಿ. ಹಾಕಿಸಲೇ?
– ಕೊಪ್ಪಳ ಜಿಲ್ಲೆಯ ಓದುಗರು

ಉತ್ತರ: ಇನ್ನೂ ದುಡ್ಡು ಕೊಟ್ಟಿಲ್ಲವಾದರೆ ತಡೆಯಿರಿ. ಬೋಲ್ಟ್ ಕೂಡುವುದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ನಿಮ್ಮ ಗಾಡಿಯ ಮುಂದಿನ ಎಕ್ಸೆಲ್‌ಗೂ ಹೊಸದಾಗಿ ಬರುವ ಹಿಂದಿನದಕ್ಕೂ ಕ್ರೌನ್-ಪಿನಿಯನ್ ರೇಶಿಯೋ (ಕ್ರೌನ್‌ನ ಹಲ್ಲಿಗೂ ಅದನ್ನು ತಿರುಗಿಸುವ ಚಿಕ್ಕ ಹಲ್ಲುಗಾಲಿ ಪಿನಿಯನ್‌ನ ಹಲ್ಲಿಗೂ ಇರುವ ಅನುಪಾತ) ಒಂದೇ ಇರಬೇಕು.

ಲೆಕ್ಕ ಸರಳ. ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8 ಇದ್ದರೆ ರೇಶಿಯೋ 5.38. ಕ್ರೌನ್‌ಗೆ 39 ಇದ್ದರೆ 4.88. ಮುಂದೆ ಮೊದಲಿನದು, ಹಿಂದೆ ಎರಡನೆಯದು ಇದ್ದು ಫೋರ್-ವ್ಹೀಲ್ ಹಾಕಿದಿರಿ ಅನ್ನಿ. ಹಿಂದಿನ ಗಾಲಿ 100 ಮೀಟರ್ ಹೋಗುವ ಹೊತ್ತಿಗೆ ಮುಂದಿನದು 91 ಮೀಟರಿನಷ್ಟೇ ಉರುಳುತ್ತದೆ. ಗದ್ದೆಯ ಕೆಸರಿನಲ್ಲಿ ಗಾಲಿ ಜಾರಿ ಹೇಗೋ ಹೊಂದಿಕೊಂಡೀತು. ಒಣ ರಸ್ತೆಗೆ ಬಂದರೆ ಜಾರಲು ಜಾಗವಿಲ್ಲ. ಶಾಫ್ಟ್‌ಗಳು ಬಿಗಿಯುತ್ತವೆ, ಫೋರ್-ವ್ಹೀಲ್ ಲಿವರ್ ಬಿಡಿಸಲು ಬರುವುದಿಲ್ಲ, ಕೊನೆಗೆ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸೇ ಹೋಗಬಹುದು. ಟೂ-ವ್ಹೀಲ್‌ನಲ್ಲಿ ಓಡಿಸುವಾಗ ಇದ್ಯಾವುದೂ ಗೊತ್ತಾಗುವುದಿಲ್ಲ. ಹೆಚ್ಚೆಂದರೆ ಸ್ಪೀಡೋಮೀಟರ್ ತಪ್ಪು ತೋರಿಸೀತು. ಹಾಗಾಗಿ ಮೇಸ್ತ್ರಿ ಟಾರ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು "ಸರಿ ಅದ" ಅಂದರೆ ನಂಬಬೇಡಿ.

ಗುಜರಿಯಲ್ಲೇ ಪರೀಕ್ಷಿಸಿ. ಪಿನಿಯನ್ ಫ್ಲಾಂಜಿಗೂ (ಶಾಫ್ಟ್ ಬಿಗಿಯುವ ತಟ್ಟೆ) ಎರಡೂ ಕಡೆಯ ಹಬ್ಬಿಗೂ (ಗಾಲಿ ಕೂರುವ ಭಾಗ) ಸುಣ್ಣದ ಗುರುತು ಹಾಕಿ. ಎರಡು ಹಬ್ಬನ್ನೂ ಒಟ್ಟಿಗೆ, ಒಂದೇ ದಿಕ್ಕಿಗೆ 10 ಸುತ್ತು ತಿರುಗಿಸಿ, ಫ್ಲಾಂಜ್ ಎಷ್ಟು ಸುತ್ತಿತು ಎಣಿಸಿ. 41 ಬಂದರೆ 4.1. ಒಂದನ್ನು ಹಿಡಿದು ಇನ್ನೊಂದನ್ನಷ್ಟೇ ತಿರುಗಿಸುವುದಾದರೆ 20 ಸುತ್ತು ಬೇಕು. ನಿಮ್ಮ ಗಾಡಿಯ ಮುಂದಿನ ಎಕ್ಸೆಲನ್ನೂ ಎತ್ತಿ, ಸ್ಟ್ಯಾಂಡ್ ಕೊಟ್ಟು, ಫೋರ್-ವ್ಹೀಲ್ ಬಿಡಿಸಿ, ಹಾಗೆಯೇ ಎಣಿಸಿ.

ಉಳಿದದ್ದು ಟೇಪ್ ಹಿಡಿದು ನೋಡುವ ಕೆಲಸ: ಪಟ್ಟಾ (ಲೀಫ್ ಸ್ಪ್ರಿಂಗ್) ಕೂರುವ ಜಾಗಗಳ ಅಂತರ, ಡಿಫರೆನ್ಷಿಯಲ್ (ಕ್ರೌನ್ ಇರುವ ಉಬ್ಬು) ನಡುವಿದೆಯೋ ಪಕ್ಕಕ್ಕಿದೆಯೋ (ಹಳೇ ಜೀಪುಗಳಲ್ಲಿ ಅದು ಬಲಕ್ಕಿರುತ್ತಿತ್ತು), ಬ್ರೇಕ್ ಡ್ರಮ್ಮಿನ ಅಳತೆ, ಹ್ಯಾಂಡ್ ಬ್ರೇಕ್ ಕೇಬಲ್. ಪಟ್ಟಾ ಜಾಗ ಕೂಡದಿದ್ದರೆ ಕಿತ್ತು ವೆಲ್ಡ್ ಮಾಡೋಣ ಅನ್ನುವವರಿದ್ದಾರೆ. ಹಾಗೆ ಮಾಡುವಾಗ ಪಿನಿಯನ್ನಿನ ಕೋನ ತಪ್ಪಿದರೆ ಯೂನಿವರ್ಸಲ್ ಜಾಯಿಂಟ್ (ಶಾಫ್ಟ್‌ನ ಕೀಲು) ಬೇಗ ಸವೆಯುತ್ತದೆ. ಹೊರೆ ಹೊರುವ ಗಾಡಿಗೆ ನಾನಂತೂ ಅದನ್ನು ಹೇಳುವುದಿಲ್ಲ.

ರೇಶಿಯೋ ಬೇರೆಯಾದರೆ ನಿಮ್ಮ ಎಕ್ಸೆಲ್‌ನ ಹೌಸಿಂಗನ್ನೇ (ಹೊರ ಕವಚ) ಉಳಿಸಿಕೊಂಡು, ಅದೇ ಹಲ್ಲಿನ ಹೊಸ ಕ್ರೌನ್-ಪಿನಿಯನ್ ಜೋಡಿ, ಬೇರಿಂಗ್ ಹಾಕಿಸಿ. ಶಿಮ್ (ತೆಳು ಬಿಲ್ಲೆ) ಇಟ್ಟು ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅಳೆದು ಕೂರಿಸಬಲ್ಲವರ ಕೈಗೇ ಕೊಡಿ, ಅಂದಾಜಿನ ಮೇಲೆ ಬಿಗಿದರೆ ಮತ್ತೆ ಕೂಗುತ್ತದೆ.

ಗುಜರಿ ಎಕ್ಸೆಲ್ಲೇ ಸರಿಹೊಂದಿತೆಂದರೆ, ಯಾವ ಗಾಡಿಯದೆಂದು ಚಾಸಿ ನಂಬರ್ ಸಮೇತ ಬಿಲ್ ಬರೆಸಿಕೊಳ್ಳಿ. ಎಕ್ಸೆಲ್ ದಪ್ಪಗಿದೆಯೆಂದು ಚೀಲ ಹೆಚ್ಚು ಹೇರುವಂತಿಲ್ಲ. ಆರ್‌ಸಿಯಲ್ಲಿ ಬರೆದ ತೂಕವೇ ಲೆಕ್ಕ.